ಮೌನ ಶಿಬಿರದ ದೋಣಿ ಪ್ರಕರಣ

ಹದಿನಾರನೇ ತಾರೀಖು, ಗುರುವಾರ. ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಬೆಟ್ಟದ ಬುಡದ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವಳು ಹೊಳೆಯಾಚೆಯ ಕಾಡಿನಲ್ಲಿ ಮೌನ ಶಿಬಿರ ನಡೆಸುವ ಸಂಚಾಲಕಿ. ಹಿಂದೆ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತವನು ಶಿಬಿರದ ಅಂಬಿಗ. ಇಬ್ಬರ ಬಟ್ಟೆಯೂ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ತೊಯ್ದಿತ್ತು.

"ನಮ್ಮ ದೋಣಿ ಹೋಯ್ತು ಮೇಡಂ" ಎಂದಳು ಸಂಚಾಲಕಿ, ಪಿಸುಮಾತಿನಲ್ಲಿ. ವರ್ಷವಿಡೀ ಮಾತು ಬಿಟ್ಟವರ ನಡುವೆ ಬದುಕಿ ಅವಳಿಗೆ ಸಿಟ್ಟು ಕೂಡ ಮೆತ್ತಗೇ ಬರುತ್ತಿತ್ತು. "ಇವರು ಕಟ್ಟೋದು ಮರೆತಿದ್ದಾರೆ. ನಿರ್ಲಕ್ಷ್ಯ ಅಂತ ಕೇಸ್ ಮಾಡ್ಕೊಳ್ಳಿ."

ಇನ್ಸ್‌ಪೆಕ್ಟರಮ್ಮ ಅವಳಿಗೆ ಕುರ್ಚಿ ತೋರಿಸಿ, ಅಂಬಿಗನನ್ನೂ ಒಳಗೆ ಕರೆದರು. ಠಾಣೆಯಲ್ಲಿ ಎಲ್ಲರೂ ಅವರನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಕಲಿತ ಪಾಠ ಒಂದೇ: ದೂರು ಕೊಡುವವರ ಬಾಯಿಯನ್ನಲ್ಲ, ದೂರಿಗೆ ಒಳಗಾದವರ ಕೈಯನ್ನು ನೋಡಬೇಕು. ಅಂಬಿಗನ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ತನ್ನವೇ ಹೌದೋ ಅಲ್ಲವೋ ಎನ್ನುವಂತೆ ಅವನು ಅವುಗಳನ್ನೇ ನೋಡುತ್ತಿದ್ದ.

"ನಿನ್ನೆ ಎಷ್ಟು ಹೊತ್ತಿಗೆ ಕಟ್ಟಿದ್ರಿ?"

"ಸಂಜೆ ಆರಕ್ಕೆ."

"ಕಾಣೆಯಾಗಿದ್ದು ಗೊತ್ತಾಗಿದ್ದು?"

"ಬೆಳಗ್ಗೆ ಆರೂ ಇಪ್ಪತ್ತಕ್ಕೆ."

"ಕಟ್ಟಿದ್ದು ಖಂಡಿತಾನಾ?"

ಅಂಬಿಗ ಅಂಗೈ ಉಜ್ಜಿಕೊಂಡ. "ಕಟ್ಟಿದ ಹಾಗೇ ನೆನಪು. ಆದ್ರೆ ಈಗೀಗ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತೀನಿ ಮೇಡಂ. ದಾರಿಯುದ್ದಕ್ಕೂ ಅಕ್ಕ ಕೇಳ್ತಾ ಬಂದ್ರು. ಕೇಳ್ತಾ ಕೇಳ್ತಾ ನನಗೇ ಅನುಮಾನ ಬಂತು."

ಒಂಬತ್ತು ವರ್ಷದ ಹಿಂದೆ ಆ ದೋಣಿಯನ್ನು ಮಾಡಿದವನು ಅವನೇ. ಮರ ಸಂಚಾಲಕಿಯದು, ಕೈ ಅವನದು. ಮನೆಯಲ್ಲಿ ಅಳಿಯ ಆಗಲೇ ರಾಗ ತೆಗೆದಿದ್ದನಂತೆ: ಮಾವನಿಗೆ ವಯಸ್ಸಾಯಿತು, ಇನ್ನು ಹುಟ್ಟು ಕೆಳಗಿಡಲಿ ಎಂದು. ಈ ದೂರು ಅಂಬಿಗನ ಹೆಸರಿಗೇ ನಿಂತರೆ ಮತ್ತೆ ಯಾರೂ ಅವನನ್ನು ನಂಬಿ ದೋಣಿ ಹತ್ತುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನೇ ತನ್ನನ್ನು ನಂಬುವುದಿಲ್ಲ. ಇನ್ಸ್‌ಪೆಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಕೇಸ್ ಮಾಡ್ಕೊಳ್ತೀನಿ. ಆದ್ರೆ ಅಪರಿಚಿತರ ಮೇಲೆ."

ಎಂಟು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಒಂಬತ್ತೂವರೆಗೆ ಜೀಪು ರಸ್ತೆ ಬದಿಯ ದಡಕ್ಕೆ ಬಂತು. ಓಡಿಸುತ್ತಿದ್ದ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ 'ರೇಡಿಯೋ' ಎಂದು ಹೆಸರು. ನಿದ್ದೆಯಲ್ಲೂ ವಾರ್ತೆ ಓದುತ್ತಾನೆಂದು ಅವನ ಹೆಂಡತಿಯೇ ಇಟ್ಟ ಹೆಸರಂತೆ. ದೋಣಿ ಹೊಳೆಯ ತಿರುವಿನ ಕೆಳಗೆ, ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ತಳದ ಹಲಗೆ ಒಂದು ಮೊಳದಷ್ಟು ಸೀಳಿತ್ತು. ಹಾಲಿನ ವ್ಯಾನಿನ ಚಾಲಕನನ್ನೂ ರಸ್ತೆ ಕೆಲಸದ ಮೇಸ್ತ್ರಿಯನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಶುರುಮಾಡಿದರು.

ದೋಣಿ ಕಟ್ಟುವ ಹಗ್ಗದ ಒಂದು ತುದಿ ಮೂತಿಯ ಕಬ್ಬಿಣದ ಬಳೆಗೆ ಬಿಗಿದೇ ಇತ್ತು. ಉಳಿದ ಹಗ್ಗ ನೀರಿನಲ್ಲಿರಲಿಲ್ಲ. ಅದನ್ನು ಅಂಗೈಯಿಂದ ಮೊಣಕೈಗೆ ಸಮನಾಗಿ ಸುತ್ತಿ, ಕೊನೆಯ ಸುತ್ತನ್ನು ನಡುವಿಗೆ ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸಿ, ಮೂತಿಯ ಗೂಟಕ್ಕೆ ನೇತುಹಾಕಲಾಗಿತ್ತು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಗ್ಗವೂ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

"ನೀವು ಹೀಗೆ ಸುತ್ತಿಡ್ತೀರಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನಾನ್ಯಾಕೆ ಸುತ್ತಲಿ? ಹಲಗೆ ಮೇಲೆ ರಾಶಿ ಹಾಕ್ತೀನಿ" ಎಂದ ಅಂಬಿಗ. ಮರುಕ್ಷಣವೇ ಅವನ ಮುಖ ಬಾಡಿತು. "ಏನೋ ಗುಂಗಲ್ಲಿ ಸುತ್ತಿಟ್ಟು, ಕಟ್ಟೋದು ಮರೆತ್ನೋ ಏನೋ."

ಸಂಚಾಲಕಿ ನಿಟ್ಟುಸಿರುಬಿಟ್ಟಳು. ಹಗ್ಗವನ್ನು ಮುದ್ದೆಮಾಲಾಗಿ ವಶಕ್ಕೆ ಪಡೆದು, ಎಲ್ಲರೂ ಹೊಳೆಯ ದಂಡೆಯಲ್ಲೇ ಮೇಲಕ್ಕೆ ನಡೆದು, ಕಾಡೊಳಗಿನ ತೂಗುಸೇತುವೆ ದಾಟಿ ಶಿಬಿರ ಸೇರುವಾಗ ಹತ್ತೂ ಐವತ್ತು.

ಮರದ ಕಂಬಗಳ ಮೇಲೆ ನಿಂತ ಉದ್ದನೆಯ ಕೋಣೆ, ಒಂಬತ್ತು ಗುಡಿಸಲು, ಕೆಳಗೆ ಹೊಳೆಯ ಸದ್ದು. ಹದಿನೆಂಟು ಶಿಬಿರಾರ್ಥಿಗಳು ಚಾಪೆಗಳ ಮೇಲೆ ಕುಳಿತಿದ್ದರು. ಇದು ಏಳನೇ ದಿನ. ಹನ್ನೆರಡಕ್ಕೆ ಗಂಟೆ ಬಾರಿಸಿದ ಮೇಲೇ ಮಾತು, ಆಮೇಲೆ ಊಟ, ಎರಡಕ್ಕೆ ದೋಣಿಯಲ್ಲಿ ಹೊಳೆ ದಾಟಿ ಊರಿಗೆ.

"ಒಂದು ಗಂಟೆ ತಡೀರಿ" ಸಂಚಾಲಕಿ ಬೇಡಿಕೊಂಡಳು. "ಏಳು ದಿನ ಕಷ್ಟಪಟ್ಟು ಕಾಪಾಡ್ಕೊಂಡಿದ್ದಾರೆ. ಪೊಲೀಸರು ಬಂದು ಬಾಯಿ ಬಿಡಿಸಿದ್ರು ಅಂತಾಗೋದು ಬೇಡ."

ಇನ್ಸ್‌ಪೆಕ್ಟರಮ್ಮನಿಗೆ ನಗು ಬಂತು, ತೋರಿಸಲಿಲ್ಲ. ತುರ್ತಿಗೆಂದು ಪ್ರತಿಯೊಬ್ಬರ ಬಳಿ ಒಂದು ಸ್ಲೇಟಿತ್ತು. ಅದರಲ್ಲೇ ವಿಚಾರಣೆ ನಡೆಯಲಿ ಎಂದರು. ರಾತ್ರಿಯಿಡೀ ಶಿಬಿರದ ಗೇಟಿಗೆ ಬೀಗವಿರುತ್ತಿತ್ತು; ಬೆಳಗ್ಗೆ ಐದಕ್ಕೆ ಅದನ್ನು ತೆಗೆದ ಮೇಲೆ ಆರೂ ಇಪ್ಪತ್ತರವರೆಗೆ ಎಲ್ಲಿದ್ದಿರಿ, ಏನು ನೋಡಿದಿರಿ? ಹದಿನೆಂಟು ಸ್ಲೇಟುಗಳಲ್ಲೂ ಒಂದೇ ಉತ್ತರ ಬಂತು: ಹೊಳೆದಂಡೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ.

"ಮೂವತ್ತಾರು ಕಣ್ಣು, ಎಲ್ಲಾ ಮುಚ್ಚಿದ್ವು" ಎಂದ ರೇಡಿಯೋ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ ಮೇಡಂ. ಇಷ್ಟು ಬಂಗಾರದಲ್ಲಿ ನಮಗೆ ಒಂದು ಗುಂಜಿ ಸಾಕ್ಷಿ ಸಿಕ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಶಿಬಿರದ ನೋಂದಣಿ ಪುಸ್ತಕ ತರಿಸಿದರು. ಹೆಸರು, ಉದ್ಯೋಗ, ಇಲ್ಲಿಂದ ಮುಂದೆ ಹೋಗುವ ಊರು. ಏಳು ಮತ್ತು ಎಂಟನೇ ಸಾಲಿನಲ್ಲಿ ಒಂದು ದಂಪತಿ. ಗಂಡನದು ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ, ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಒಂದೇ ವಿಳಾಸ, ಒಂದೇ ಗುಡಿಸಲು. ಮುಂದೆ ಹೋಗುವ ಊರುಗಳು ಮಾತ್ರ ಬೇರೆ ಬೇರೆ. ಗಂಡ ಮನೆಗೆ, ಹೆಂಡತಿ ಯಾವುದೋ ದೂರದ ಊರಿಗೆ.

"ಜಗಳ ಆಡಿದ್ರಾ ಇವರಿಬ್ರು?"

"ಇಲ್ಲಿ ಯಾರಿಗೆ ಜಗಳ ಆಡೋಕಾಗುತ್ತೆ ಮೇಡಂ?" ಸಂಚಾಲಕಿ ಪಿಸುಗುಟ್ಟಿದಳು. "ಬಂದ ದಿನ ದೂರ ದೂರ ಕೂತಿದ್ರು. ಈಗ ಅಕ್ಕಪಕ್ಕ ಕೂರ್ತಾರೆ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದ ರೇಡಿಯೋ.

ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಜಗಳಕ್ಕೆ ಒಂದು ಕೊನೆಯಿರುತ್ತದೆ. ಉಂಡು, ಮಲಗಿ, ಎದ್ದು, ಒಂದು ಮಾತೂ ಇಲ್ಲದೆ ಮತ್ತೆ ಉಣ್ಣುವ ಮನೆಗಳನ್ನು ಅವರು ಬೇಕಾದಷ್ಟು ನೋಡಿದ್ದರು. ಅಂಥ ಮನೆಗಳಿಂದ ಠಾಣೆಗೆ ದೂರೂ ಬರುವುದಿಲ್ಲ.

ಅನುಮಾನ ಹುಟ್ಟಿತ್ತು. ಆದರೆ ಅನುಮಾನವನ್ನು ಕೋರ್ಟು ಕೇಳುವುದಿಲ್ಲ. ರೇಡಿಯೋ ಅಡುಗೆಮನೆಯಿಂದ ಅಷ್ಟೇ ಉದ್ದದ ಇನ್ನೊಂದು ಹಗ್ಗ ತಂದ. ಒಬ್ಬೊಬ್ಬರಾಗಿ ಬಂದು ಅದನ್ನು ಸುತ್ತಿಡಬೇಕು, ಅಷ್ಟೇ ಎಂದು ಇನ್ಸ್‌ಪೆಕ್ಟರಮ್ಮ ಹೇಳಿದರು. ಯಾಕೆಂದು ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಅಂಬಿಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ. ಬಂದವರೆಲ್ಲ ಅವನ ಮುಂದೆಯೇ ಹಾದು ಬರಬೇಕಾಗಿತ್ತು.

ಮೊದಲು ಬಂದ ದಪ್ಪ ಮನುಷ್ಯ ಹಗ್ಗವನ್ನು ಗಂಟು ಗಂಟು ಮಾಡಿದ. ಒಬ್ಬಾಕೆ ಉಲ್ಲನ್ ದಾರದಂತೆ ಉಂಡೆ ಕಟ್ಟಿದಳು. ಒಬ್ಬ ಕಾಲೇಜು ಮೇಷ್ಟ್ರು ಅದನ್ನು ನೆಲದ ಮೇಲೆ ವೃತ್ತವಾಗಿ ಹಾಸಿ, ಸರಿಯಾಯಿತೇ ಎಂದು ಕಣ್ಣಲ್ಲೇ ಕೇಳಿದರು.

ಏಳನೆಯವನು ಮೈಕಿನ ಅಂಗಡಿಯವನು. ಐವತ್ತರ ಆಚೀಚೆಯ ಸಣಕಲು ಮನುಷ್ಯ. ಅಂಬಿಗನ ಮುಂದೆ ಬಂದವನು ನಿಂತ. ಅಂಬಿಗ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಮೈಕಿನವನು ಆ ಕೈಗಳನ್ನು ನೋಡಿದ, ಆಮೇಲೆ ಇನ್ಸ್‌ಪೆಕ್ಟರಮ್ಮನನ್ನು. ಅವನು ಬೇಕೆಂದೇ ಹೇಗೆಹೇಗೋ ಸುತ್ತಿಬಿಟ್ಟಿದ್ದರೆ ಕೇಸು ಅಲ್ಲಿಗೇ ನಿಲ್ಲುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ಅವನು ಹಗ್ಗ ಎತ್ತಿಕೊಂಡ. ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಒಂದೇ ಸಮನೆ ಸುತ್ತಿದ. ಮೂವತ್ತು ವರ್ಷ ಸಭೆ ಸಮಾರಂಭ ಮುಗಿದ ಮೇಲೆ ಮೈಕಿನ ವಯರುಗಳನ್ನು ಸುತ್ತಿದ ಕೈ ಅದು. ಕೊನೆಯ ಸುತ್ತನ್ನು ನಡುವಿಗೆ ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು ಇನ್ಸ್‌ಪೆಕ್ಟರಮ್ಮನ ಮುಂದಿಟ್ಟ. ಗಂಟೆ ಬಾರಿಸಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವನು ಕಾಯಲಿಲ್ಲ.

"ಅವರು ಕಟ್ಟಿದ್ರು ಮೇಡಂ" ಎಂದ. ಏಳು ದಿನ ಬಳಸದ ಗಂಟಲು ಒಡೆದಿತ್ತು. "ಗಟ್ಟಿಯಾಗೇ ಕಟ್ಟಿದ್ರು. ಬಿಚ್ಚೋಕೆ ನನಗೆ ಕಾಲು ಗಂಟೆ ಹಿಡೀತು."

ಅಂಬಿಗ ತಲೆ ಎತ್ತಿದ. ಕೋಪ ಬರಬೇಕಾಗಿತ್ತು, ಬರಲಿಲ್ಲ. "ಹಾಗಾದ್ರೆ ನಾನು ಕಟ್ಟಿದ್ದೆ" ಎಂದ. ಸಂಚಾಲಕಿಯ ಕಡೆ ತಿರುಗಿ ಮತ್ತೊಮ್ಮೆ ಹೇಳಿದ: "ನಾನು ಕಟ್ಟಿದ್ದೆ ಅಕ್ಕ." ಅವನ ಕಣ್ಣಲ್ಲಿ ನೀರು ತುಂಬಿತು. ಸಂಚಾಲಕಿ ಎದ್ದು ಬಂದು, ತಪ್ಪಾಯಿತೆಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅಷ್ಟು ದೊಡ್ಡ ದನಿಯನ್ನು ಅವಳಿಂದ ಯಾರೂ ಕೇಳಿರಲಿಲ್ಲ.

ಹೇಳಿಕೆಯನ್ನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಬರೆದುಕೊಂಡರು. ಸಮಯ ಹನ್ನೆರಡೂ ಐದು. ಒಳಗೆ ಗಂಟೆ ಬಾರಿಸಿ, ಹದಿನಾರು ಜನ ಒಟ್ಟಿಗೇ ಮಾತು ಶುರುಮಾಡಿದ್ದರು.

"ಯಾಕೆ ಬಿಚ್ಚಿದ್ರಿ?"

"ಇವತ್ತು ಎರಡು ಗಂಟೆಗೆ ಅವಳು ಅವಳ ಅಕ್ಕನ ಊರಿಗೆ ಹೋಗ್ತಾಳೆ. ಮತ್ತೆ ಬರಲ್ಲ."

"ಜಗಳ ಏನು?"

"ಜಗಳ ಇಲ್ಲ. ಎರಡು ವರ್ಷದಿಂದ ಮಾತಿಲ್ಲ, ಅಷ್ಟೇ. ಮೊದಲು ಯಾರು ಬಿಟ್ರು ಅಂತಾನೂ ನೆನಪಿಲ್ಲ. ಈ ಶಿಬಿರಕ್ಕೆ ಮಗಳು ಮುಂಚೇನೇ ಹೆಸರು ಬರೆಸಿದ್ಲು. ನಾವು ಬೇರೆ ಆಗ್ತಿದ್ದೀವಿ ಅಂತ ಅವಳಿಗೆ ಹೇಗೆ ಹೇಳೋದು? ಅದಕ್ಕೇ ಬಂದ್ವಿ."

"ಮತ್ತೆ?"

ಅವನು ಹೊಳೆಯ ಕಡೆ ನೋಡಿದ. "ಮನೇಲಿ ನಾವಿಬ್ರೇ ಸುಮ್ನಿರ್ತಿದ್ವಿ. ಇಲ್ಲಿ ಎಲ್ಲರೂ ಸುಮ್ನಿದ್ರು. ಹಾಗಾಗಿ ನಮ್ಮದು ಎದ್ದು ಕಾಣ್ಲಿಲ್ಲ ಮೇಡಂ. ಮೂರನೇ ದಿನ ಹೆಂಡ್ತಿ ತನ್ನ ತಟ್ಟೇಲಿದ್ದ ಅರ್ಧ ಹಣ್ಣು ನನ್ನ ತಟ್ಟೆಗೆ ಹಾಕಿದ್ಲು. ಐದನೇ ದಿನ ಹೊಳೆಯ ಕಲ್ಲು ದಾಟುವಾಗ ಕೈ ಹಿಡಿದ್ಲು. ದಡ ಬಂದ ಮೇಲೂ ಬಿಡ್ಲಿಲ್ಲ. ಹನ್ನೆರಡಕ್ಕೆ ಗಂಟೆ ಹೊಡೆದ್ರೆ ಮತ್ತೆ ಮಾತಾಡ್ಬೇಕು. ಮಾತು ನಮಗೆ ಬರಲ್ಲ. ಕಾಡೊಳಗೆ ತೂಗುಸೇತುವೆ ಇರೋದು ನನಗೆ ಗೊತ್ತಿರ್ಲಿಲ್ಲ; ದೋಣಿ ಇಲ್ದಿದ್ರೆ ಇನ್ನೆರಡು ದಿನ ಸಿಗುತ್ತೆ ಅನ್ಸಿತ್ತು."

"ಹಗ್ಗ ಯಾಕೆ ಸುತ್ತಿಟ್ರಿ?"

"ನೀರಲ್ಲಿ ನೆನೆದ್ರೆ ಹಾಳಾಗುತ್ತಲ್ಲ" ಎಂದ ಅವನು, ಇದೆಂಥ ಪ್ರಶ್ನೆ ಎನ್ನುವಂತೆ. "ದೋಣಿ ತಿರುವಿನ ಮರಳಲ್ಲೇ ನಿಲ್ಲುತ್ತೆ ಅಂದ್ಕೊಂಡಿದ್ದೆ. ಹಲಗೆ ಹಾಕಿಸಿಕೊಡ್ತೀನಿ."

ಹನ್ನೆರಡೂ ನಲವತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ತರಲೇ ಎಂದು ಕೇಳಿದ ರೇಡಿಯೋನನ್ನು ಇನ್ಸ್‌ಪೆಕ್ಟರಮ್ಮ ಒಂದು ನೋಟದಲ್ಲೇ ಸುಮ್ಮನಾಗಿಸಿದರು. ತೂಗುಸೇತುವೆಯ ದಾರಿಯಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ಮೈಕಿನವನ ಹೆಂಡತಿ ಎರಡೂ ಚೀಲಗಳನ್ನು ಹೊತ್ತು ಬರುತ್ತಿದ್ದಳು. ಗಂಟೆ ಬಾರಿಸಿದ ಮೇಲೂ ಅವಳು ಬಾಯಿ ತೆರೆದಿರಲಿಲ್ಲ. ಜೀಪಿನಲ್ಲೂ ತೆರೆಯಲಿಲ್ಲ.

ಠಾಣೆಯಲ್ಲಿ, ಮೂರೂವರೆಗೆ, ಇನ್ಸ್‌ಪೆಕ್ಟರಮ್ಮ ಕೇಸ್ ಡೈರಿಗೆ ಕುಳಿತರು. ಕೃತ್ಯದ ಉದ್ದೇಶ ಬರೆಯುವಲ್ಲಿ ಪೆನ್ನು ನಿಂತಿತು. ದ್ವೇಷವಲ್ಲ, ಲಾಭವೂ ಅಲ್ಲ. ಕೊನೆಗೆ ಹೀಗೆ ಬರೆದರು: 'ಪತ್ನಿಯ ಪ್ರಯಾಣವನ್ನು ಎರಡು ದಿನ ತಡೆಯುವ ಸಲುವಾಗಿ.' ಮೇಲಧಿಕಾರಿ ನಕ್ಕರೆ ನಗಲಿ, ಬರೆದದ್ದು ನಿಜ.

"ಜಾಮೀನು ಸಿಗೋ ಕೇಸು ಇದು" ಎಂದರು ತಲೆ ಎತ್ತಿ. "ಯಾರಾದ್ರೂ ಹೊಣೆ ನಿಲ್ಲಬೇಕು."

ಹೆಂಡತಿ ಚೀಲಗಳನ್ನು ಕೆಳಗಿಟ್ಟು ಮೇಜಿನ ಮುಂದೆ ಬಂದಳು. ಕಾಗದ ಎಳೆದುಕೊಂಡು, ಪೂರ್ತಿ ಓದಿ, ಸಹಿ ಹಾಕಿದಳು. ಗಂಡ ಗೋಡೆ ಬದಿಯ ಬೆಂಚಿನಲ್ಲಿ ನೆಲ ನೋಡುತ್ತಾ ಕುಳಿತಿದ್ದ.

"ಕೋರ್ಟ್ ಯಾವತ್ತು?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

"ಮುಂದಿನ ತಿಂಗಳು ಹನ್ನೊಂದಕ್ಕೆ. ಅವತ್ತು ಇವರನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಮ್ಮದು."

"ಅಂದ್ರೆ ಅಲ್ಲಿವರೆಗೂ ನಾನು ಇವರ ಜೊತೇನೇ ಇರಬೇಕಾ?"

"ಹಾಗೇನೂ ಕಾನೂನಿಲ್ಲಮ್ಮ. ನೀವು ಎಲ್ಲಿ ಬೇಕಾದ್ರೂ ಇರಬಹುದು."

ಅವಳು ಮೇಜಿನ ಮೇಲೆ ಬಾಗಿದಳು. ಬೆಂಚಿನವರೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಇದೆ ಅಂತ ಹೇಳಿ. ಅವರಿಗೆ ಕೇಳೋ ಹಾಗೆ ಹೇಳಿ."

ಇನ್ಸ್‌ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು. ನೌಕರಿಯಲ್ಲಿ ಮೊದಲ ಸಲ, ಪುಸ್ತಕದಲ್ಲಿಲ್ಲದ ಕಾನೂನೊಂದನ್ನು ಅವರು ಇಡೀ ಠಾಣೆಗೆ ಕೇಳುವಂತೆ ಓದಿ ಹೇಳಿದರು.