ಎದೆ ಡಬ್ ಡಬ್ ಎಂದಾಗ

ಗಣಿತದ ಪೀರಿಯಡ್ ಅರ್ಧವೂ ಮುಗಿದಿರಲಿಲ್ಲ, ದಿವ್ಯಳ ಎದೆ ಡಬ್ ಡಬ್ ಎಂದು ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿತು. ಡೆಸ್ಕಿನ ಕೆಳಗೆ ಬಗ್ಗಿ ಗ್ಲೂಕೋಸ್ ಪುಡಿ ಬಾಯಿಗೆ ಸುರಿದುಕೊಂಡಳು.

"ಮತ್ತೆ ಲೋ ಆಯ್ತೇನೇ?" ಪಕ್ಕದ ತಸ್ನೀಮ್ ಪಿಸುಗುಟ್ಟಿದಳು. "ಇವತ್ತು ಎರಡನೇ ಸಲ. ಚೆಕ್ ಮಾಡ್ಕೊಂಡ್ಯಾ?"

"ಇಲ್ಲ ಕಣೇ. ಇಲ್ಲಿ ಬೆರಳು ಚುಚ್ಕೊಂಡ್ರೆ ಎಲ್ರೂ ನೋಡ್ತಾರೆ."

ದಿವ್ಯಳಿಗೆ ಹದಿಮೂರು ವರ್ಷ. ಏಳನೇ ವಯಸ್ಸಿನಿಂದ ಡಯಾಬಿಟಿಸ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಶುಗರ್ ತೀರಾ ಇಳಿದರೆ ಅದು 'ಲೋ'. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಆಗ ಕೂಡಲೇ ಸಿಹಿ ತಿನ್ನಬೇಕು. ಇದನ್ನೆಲ್ಲ ಅವಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಆದರೆ ಒಂದು ತಿಂಗಳಿಂದ ಈ ಡಬ್ ಡಬ್ ಹೊತ್ತುಗೊತ್ತಿಲ್ಲದೆ ಬರುತ್ತಿತ್ತು.

ಸಂಜೆ ಕೋಗಿಲು ಬಡಾವಣೆಯ ಮನೆಯಲ್ಲಿ ಅಮ್ಮ ಅವಳ ಬೆರಳು ಚುಚ್ಚಿ ಮೀಟರ್ ನೋಡಿದಳು. ಮುನ್ನೂರ ನಲವತ್ತು!

"ಅಯ್ಯೋ, ಏನೇ ಕದ್ದು ತಿಂದೆ? ಯಾಕೇ ಇಂಗ್ ನನ್ ಹೊಟ್ಟೆ ಉರಿಸ್ತೀಯ?"

"ಕದ್ದಿಲ್ಲಮ್ಮಾ! ಎದೆ ಹೊಡ್ಕೊಳ್ತಿತ್ತು. ಲೋ ಅನ್ಕೊಂಡು ಗ್ಲೂಕೋಸ್ ತಿಂದೆ. ಎರಡು ಸಲ."

"ಚೆಕ್ ಮಾಡ್ದೇನೇ?"

ದಿವ್ಯಳಿಗೆ ಅಳು ತಡೆಯಲಾಗಲಿಲ್ಲ.

"ಹೋದ್ ತಿಂಗ್ಳು ಡಾಕ್ಟರ್ ನಿಂಗೆ ಹೇಳಿದ್ದು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಶುಗರ್ ಹಿಂಗೇ ಜಾಸ್ತಿ ಇದ್ರೆ ಮುಂದೆ ಹಾರ್ಟ್‌ಗೆ ತೊಂದ್ರೆ ಅಂತ. ಅವತ್ತಿಂದ ಅದೇ ಯೋಚ್ನೆ. ನಾನು ಸತ್ತೋಗ್ತೀನಾ ಅಮ್ಮಾ?"

ಅಮ್ಮನ ಸಿಟ್ಟು ಸರ್ರನೆ ಇಳಿಯಿತು. 'ಏನೂ ಆಗಲ್ಲ ಬಿಡು' ಅನ್ನುತ್ತಾಳೆ ಎಂದು ದಿವ್ಯ ಕಾದಳು. ಅಮ್ಮ ಹಾಗೆ ಅನ್ನಲಿಲ್ಲ. ಇನ್ಸುಲಿನ್ ಚುಚ್ಚಿ, ಅಲ್ಲೇ ನೆಲದ ಮೇಲೆ ಕುಳಿತಳು.

"ನಂಗೂ ಭಯಾನೇ ಕಣೇ. ನಾಳೆ ಡಾಕ್ಟರ್‌ಗೆ ಶುಗರ್ ಮಾತ್ರ ಹೇಳೋದಲ್ಲ, ಈ ಭಯಾನೂ ಹೇಳೋಣ."

ದಿವ್ಯಳಿಗೆ ಆಗ ಹೊಳೆಯಿತು. ಹಾರ್ಟ್ ಕೆಡುತ್ತದೆಂಬ ಹೆದರಿಕೆಗೇ ಎದೆ ಹೊಡೆದುಕೊಂಡಿತ್ತು. ಅದಕ್ಕೇ ಅವಳು ಸಿಹಿ ತಿಂದಿದ್ದಳು. ಯಾವ ಶುಗರ್‌ಗೆ ಹೆದರಿದ್ದಳೋ ಅದನ್ನೇ ತನ್ನ ಕೈಯಾರೆ ಏರಿಸಿಕೊಂಡಿದ್ದಳು.

ಮರುದಿನ ಹೆಬ್ಬಾಳದ ಆಸ್ಪತ್ರೆಯ ಬೆಂಚಿನ ಮೇಲೆ ಮತ್ತೆ ಡಬ್ ಡಬ್ ಶುರುವಾಯಿತು. ಸುತ್ತ ಜನವೋ ಜನ. ದಿವ್ಯ ಎಲ್ಲರೆದುರೇ ಬೆರಳು ಚುಚ್ಚಿಕೊಂಡಳು. ನೂರ ಐವತ್ತೆಂಟು. ಲೋ ಅಲ್ಲ. ಆದರೂ ಎದೆ ಸುಮ್ಮನಾಗಲಿಲ್ಲ.

ಅವಳು ಅಮ್ಮನ ಕೈ ಹಿಡಿದಳು.

"ಅಮ್ಮಾ, ಇದು ಭಯ."