ನಾರಿನ ಇನ್ನೊಂದು ತುದಿ

ಬಹಳ ಹಿಂದೆ ಮಲ್ಲಿಗೆಪಟ್ಟಣ ಅಂತ ಒಂದು ರಾಜ್ಯ. ಅಲ್ಲಿ ಗಣಿತವನ್ನು ಯಾರೂ ಕಲಿಸುತ್ತಿರಲಿಲ್ಲ. ಯಾಕೆ ಕಲಿಸಬೇಕು ಹೇಳಿ? ಸಾರಿಗೆ ಉಪ್ಪು ಹಾಕುವ ಬೆರಳಲ್ಲಿ, ತೊಟ್ಟಿಲು ತೂಗುವ ಕೈಯಲ್ಲಿ ಅದು ತಾನಾಗಿಯೇ ಇತ್ತು! ಉಸಿರು ಒಳಗೆ, ಉಸಿರು ಹೊರಗೆ, ಅದೂ ಲೆಕ್ಕವೇ ಅಲ್ಲವೇ? ಇರಲಿ, ಕತೆಗೆ ಬರೋಣ.

ಒಮ್ಮೆ ಅರಮನೆಯ ಔತಣಕ್ಕೆ ಎಲೆ ಹಾಕುವಾಗ ಒಂಟಿಭೈರನೆಂಬ ಮಂತ್ರವಾದಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನು ಸಿಟ್ಟಾಗಿ ಬೆಟ್ಟ ಹತ್ತಿದ. "ನಿಮಗೆಲ್ಲ ಒಂದೇ ಸಾಕು!" ಎಂದು ಕೂಗಿ ಉಳಿದ ಅಂಕಿಗಳನ್ನೆಲ್ಲ ಕದ್ದ. ಅಷ್ಟೇ, ಊರಿನವರು ಒಬ್ಬರಿಗೊಬ್ಬರು ಕಾಣದಾದರು, ಕೇಳಿಸದಾದರು. ಗಂಡನ ಎದುರಿಗೇ ಹೆಂಡತಿ ಒಬ್ಬಳೇ ಕೂತು ಉಂಡಳು.

ಅದೇ ಊರಲ್ಲಿ ಹೂ ಕಟ್ಟುವ ಚಿಗುರಿ ಎಂಬ ಹುಡುಗಿ. ಅವಳು ಕಟ್ಟುವಾಗ ಅಕ್ಕ ಸಿರಿಯವ್ವ ಎದುರು ಕೂತು ಬಾಳೆನಾರಿನ ತುದಿ ಹಿಡಿಯುತ್ತಿದ್ದಳು. ಈಗ ಅಕ್ಕ ಕಾಣಿಸಳು. ಆದರೂ ಬೆರಳು ಅಭ್ಯಾಸ ಬಿಡಲಿಲ್ಲ: ಈ ಕಡೆಗೊಂದು ಹೂ, ಆ ಕಡೆಗೊಂದು ಹೂ, ಒಂದು ಗಂಟು. ನಾರು ಬಿಗಿಯಾಗಿಯೇ ಇತ್ತು. ಅಳುತ್ತಿದ್ದವಳಿಗೆ ಅದು ಹೊಳೆಯಲಿಲ್ಲ.

"ಹೂವಿಗೂ ಜೊತೆಯಿದೆ. ನನ್ನಕ್ಕನನ್ನು ಭೈರ ಹೊತ್ತೊಯ್ದಿದ್ದಾನೆ" ಅಂದುಕೊಂಡು ನಾರು ಕತ್ತರಿಸಿ, ಬುಟ್ಟಿ ಎತ್ತಿಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಗಂಡಭೇರುಂಡ ಕೂತಿತ್ತು. "ಜೊತೆಗೆ ಯಾರು?"

"ಯಾರೂ ಇಲ್ಲ."

"ನನಗೂ ಇಲ್ಲ" ಎಂದು ಹಕ್ಕಿ ಅತ್ತಿತು. ಅದರ ಒಂದು ತಲೆಗೆ ಇನ್ನೊಂದು ಕಾಣುತ್ತಿರಲಿಲ್ಲ; ಚಿಗುರಿಗೂ ಕಂಡದ್ದು ಒಂದೇ. ಅದರ ಕತ್ತಿಗೆ ಮಾಲೆ ಹಾಕಿದಳು. ಬೆರಳು ಸುಮ್ಮನಿದ್ದೀತೇ? ಆ ಕಡೆಗೂ ಹೋಯಿತು, ಅಲ್ಲೂ ಒಂದು ಕತ್ತು ಸಿಕ್ಕಿತು. ಒಂದೇ ಮಾಲೆ ಬಿದ್ದ ತಲೆಗಳು ಮುಖಾಮುಖಿಯಾದವು.

"ಅಯ್ಯೋ, ಇಲ್ಲೇ ಇದ್ದೆಯಾ!"

ಮೇಲೆ ಕಮರಿಗೆ ಅಡ್ಡವಾಗಿ ಒಂದು ಹಲಗೆ. ತಕ್ಕಡಿಯಂತೆ ನಡುವೆ ಮಾತ್ರ ಆಧಾರ. ಹಲಗೆ ಕೇಳಿತು: "ಜೊತೆಗೆ ಯಾರು? ಒಬ್ಬರೇ ಬಂದರೆ ಮಗುಚುತ್ತೇನೆ."

"ಯಾರೂ..." ಎನ್ನುವಷ್ಟರಲ್ಲಿ ಹಕ್ಕಿ ಹಾರಿ ಆಚೆ ತುದಿಗೆ ಕೂತಿತು. ಇವಳು ಹೆಜ್ಜೆಯಿಟ್ಟಾಗ ಅದೂ ಇಟ್ಟಿತು. ನಡುವೆ ಒಬ್ಬರನ್ನೊಬ್ಬರು ದಾಟಿ ಎದುರುಬದುರು ದಡ ಸೇರಿದರು.

ಬೆಟ್ಟದ ತುದಿಯಲ್ಲಿ ಭೈರ ಕೂತಿದ್ದ, ಒಬ್ಬನೇ. "ಒಂದಾದ ಮೇಲೆ ಏನು? ಹೇಳಿದರೆ ಅಂಕಿಗಳೆಲ್ಲ ನಿನ್ನವು. ತಪ್ಪಿದರೆ ಕಲ್ಲಾಗುತ್ತೀಯ."

ಚಿಗುರಿಗೆ ಆ ಪದವೇ ಉಳಿದಿರಲಿಲ್ಲ. ಕೈಗೆ ಗೊತ್ತಿದ್ದದ್ದು ಹೂ ಕಟ್ಟುವುದೊಂದೇ; ಬುಟ್ಟಿಯಿಂದ ನಾರು ತೆಗೆದಳು.

"ಸ್ವಲ್ಪ ಈ ತುದಿ ಹಿಡಿಯಪ್ಪಾ" ಅಂದಳು.

ಅವನಿಗೆ ಯಾರೂ ಏನನ್ನೂ ಹಿಡಿ ಅಂದಿರಲಿಲ್ಲ. ತಬ್ಬಿಬ್ಬಾಗಿ ಹಿಡಿದ. ನಾರು ಬಿಗಿಯಾಯಿತು.

"ಒಂದು ಅಂದರೆ ನಾನು. ಒಂದಾದ ಮೇಲೆ, ನೀನು" ಅಂದಳು ಚಿಗುರಿ.

ಭೈರನ ಜಟೆಯಿಂದ ಅಂಕಿಗಳು ಗುಬ್ಬಚ್ಚಿಗಳಂತೆ ಎದ್ದು ಊರಿನತ್ತ ಹಾರಿದವು. ಅವನು ಅಳುತ್ತ, ಹಿಡಿದ ತುದಿ ಬಿಡದೆ, ಅವಳ ಹಿಂದೆಯೇ ಬೆಟ್ಟವಿಳಿದ.

ಮನೆಯಲ್ಲಿ ಸಿರಿಯವ್ವ ಅದೇ ಜಾಗದಲ್ಲಿ, ತುಂಡು ನಾರು ಹಿಡಿದು ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆಯೇ? ನೀನು ಕಾಣದಿದ್ದರೂ ನಾರು ಜಗ್ಗುತ್ತಿತ್ತು, ಇದ್ದೀಯ ಅಂತ ಧೈರ್ಯವಾಗಿದ್ದೆ. ಅದು ಸಡಿಲಾದ ಮೇಲೇ ಕಣೇ ನಾನು ಒಂಟಿಯಾದದ್ದು."

ಚಿಗುರಿ ಅಕ್ಕನ ಮಡಿಲಲ್ಲಿ ಮುಖವಿಟ್ಟಳು.

"ಇವನ್ಯಾರೇ?"

"ಲೆಕ್ಕದಲ್ಲಿ ಬಿಟ್ಟುಹೋದವನು."

"ಬಾಗಿಲಲ್ಲಿ ಯಾಕೆ ನಿಂತ? ಕೂರಲಿ, ಎಲೆ ಹಾಕ್ತೀನಿ."

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಎಲ್ಲರಿಗೂ ಕಾಣುತ್ತ, ಉಂಡುಟ್ಟು ಸುಖವಾಗಿದ್ದರು. ಭೈರ ಮಾತ್ರ ಊಟಕ್ಕೆ ಮೊದಲು ಎಲೆಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದ, ತನ್ನನ್ನೂ ಸೇರಿಸಿ.