ಗೋಡೆ ನೋಡುವ ಗಿರಾಕಿ

ಕನ್ನಡಕದಂಗಡಿಯ ಹುಡುಗಿಗೆ ಮೂವತ್ತೈದು ದಾಟಿತ್ತು; ಹುಡುಗಿ ಅನ್ನುವುದು ಬರೀ ರೂಢಿ. ಊರಿನ ಅರ್ಧ ಮೂಗುಗಳ ಮೇಲೆ ಫ್ರೇಮು ಕೂರಿಸಿದವಳು ಅವಳೇ. ಅವಳ ಬಾಯಿಗೆ ಹೆದರಿ ಅಂಗಡಿಯ ಕನ್ನಡಿಗಳೂ ತೆಪ್ಪಗಿರುತ್ತಿದ್ದವು. ಅಂಥವಳನ್ನು ಒಬ್ಬ ವಾಚ್ ರಿಪೇರಿಯವನು ಸೋಲಿಸಿಬಿಟ್ಟ, ಬರೀ ನೋಡದೆ.

ಅಳತೆ ತೆಗೆಯುವಾಗ ಗಿರಾಕಿ ಅವಳ ಕಣ್ಣನ್ನೇ ನೋಡಬೇಕು. ಇವನ ನೋಟ ಅವಳ ಕಿವಿಯ ಪಕ್ಕ ಹೋಗಿ ನಿಲ್ಲುತ್ತಿತ್ತು.

"ನನ್ನ ನೋಡಿ ಅಂದ್ರೆ ಗೋಡೆ ನೋಡ್ತೀರಲ್ರೀ. ಗೋಡೆಗೇ ಕನ್ನಡಕ ಹಾಕ್ಲಾ?"

"ನೋಡ್ತಾನೇ ಇದೀನಿ," ಅನ್ನುತ್ತಿದ್ದ ಮೆತ್ತಗೆ.

ಗಾಜು ಸರಿಯಿಲ್ಲವೆಂದು ಮತ್ತೆ ಮತ್ತೆ ಬಂದ. ಅವನು ಬರುವ ದಿನ ಅವಳು ಜಡೆ ಬಿಚ್ಚಿ ಬಿಚ್ಚಿ ಹೆಣೆಯುತ್ತಿದ್ದಳು. ಅಷ್ಟೂ ಸಿಂಗಾರ ಗೋಡೆಯ ಪಾಲು.

"ಅವನಿಗೆ ನೀನು ಇಷ್ಟ ಇಲ್ಲ ಕಣೇ, ಬಿಟ್ಬಿಡು," ಎಂದಳು ಅಕ್ಕ.

ಒಂದು ಮಬ್ಬು ಮಧ್ಯಾಹ್ನ ಅವನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ.

"ಇನ್ನು ಬೇಡ. ಅಂಗಡಿ ಮುಚ್ಚಿ ತಮ್ಮನ ಊರಿಗೆ ಹೋಗ್ತಿದೀನಿ. ವಾಚಿನ ಮುಳ್ಳೇ ಕಾಣಲ್ಲ."

ಅವಳ ಕೈ ಕನ್ನಡಕವನ್ನು ಅವನತ್ತಲೇ ತಳ್ಳಿತು. ಬಾಯಿಯೂ ತನ್ನ ಬುದ್ಧಿ ಬಿಡಲಿಲ್ಲ. "ನನ್ನ ಮುಖ ನೋಡೋಕಾಗ್ದೆ ಊರೇ ಬಿಡ್ತಿದೀರಾ?"

"ನೇರ ನೋಡಿದ್ರೆ ನಿಮ್ಮ ಮುಖ ಇರೋ ಕಡೆ ಬರೀ ಬೂದು ಬಣ್ಣ. ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಕಾಣ್ತೀರ." ಅವನು ಕುರ್ಚಿಯಲ್ಲಿ ಕುಸಿದ. "ಎಲ್ರಿಗೂ ಕಣ್ಣಿನ ಹಿಂದೆ ದಿನಾ ಹೊಸ ಕೊಬ್ಬು ಹುಟ್ಟುತ್ತಂತೆ, ಹಳೇದು ಕರಗುತ್ತಂತೆ. ನನಗೆ ಹುಟ್ಟೋದು ಹುಟ್ಟುತ್ತೆ, ಕರಗಲ್ಲ. ಅದು ಕೂತು ಕೂತು ದೃಷ್ಟಿ ತಿಂತಿದೆ. ಔಷಧಿ ಇಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು."

"ಕಡ್ಡಿ ಥರ ಇದೀರ. ಇರೋ ಚೂರು ಕೊಬ್ಬೂ ಕಣ್ಣಿಗೇ ಹೋಗ್ಬೇಕಿತ್ತಾ?" ಅವಳು ಆ ಕನ್ನಡಕ ಕೈಗೆತ್ತಿಕೊಂಡಳು. "ಗಾಜಿಂದ ಆಗಲ್ಲ ಅಂತ ಗೊತ್ತಿದ್ದೂ ಯಾಕೆ ಬರ್ತಿದ್ರಿ?"

"ಅಳತೆ ತೆಗೆಯೋವಾಗ ನೀವು ಹತ್ತಿರ ಬರ್ತೀರಲ್ಲ."

ಅವಳು ಕೌಂಟರು ಸುತ್ತಿ ಬಂದು ಅವನೆದುರು ನಿಂತಳು. "ಹಾಗಾದ್ರೆ ಹೋಗ್ಬೇಡಿ," ಎಂದಳು.

"ನಿಮಗೆ ಹೊರೆ ಆಗ್ತೀನಿ."

"ಹೊರೋದು ನನ್ನ ಪಾಡು. ನಾನು ಬೇಕೋ ಬೇಡ್ವೋ, ಅಷ್ಟು ಹೇಳಿ."

ಇಂಥ ಮಾತನ್ನು ಮುಖ ನೋಡಿಯೇ ಹೇಳಬೇಕೆಂದು ಅವನು ಎದ್ದು ನಿಂತ. ಮೊದಲ ಬಾರಿಗೆ ಕಣ್ಣನ್ನು ನೇರ ಅವಳ ಮುಖಕ್ಕೆ ತಂದ.

"ಬೇಕು."

ಅಷ್ಟು ಚೆಂದದ ಕಣ್ಣುಗಳು ಮೊಳ ದೂರದಲ್ಲಿ ಅವಳನ್ನೇ ನೋಡುತ್ತಿದ್ದವು, ಅವುಗಳಲ್ಲಿ ಅವಳಿರಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಸದ್ದಿಲ್ಲದೆ ಹರಿಯಿತು.

"ನಗ್ತಾ ಇದೀರಾ?" ಎಂದು ಕೇಳಿದ.

"ಹೂಂ," ಎಂದಳು.

ಅವನು ನಂಬಿ, ತಾನೂ ನಕ್ಕ.